‘ಇನ್‌ಎಕ್ಸಾಕ್ಟಿಟ್ಯೂಡ್’ ಅಂದರೆ ತಪ್ಪಾ, ಸುಳ್ಳಾ?

ಪ್ರಶ್ನೆ

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ, ಹೆಚ್ಚಾಗಿ ಪತ್ರಿಕೆಗಳಿಗೆ. ಮೊನ್ನೆ ಬ್ರಿಟನ್ನಿನ ರಾಜಕೀಯದ ಬಗ್ಗೆ ಒಂದು ಲೇಖನ ಬಂತು. ಅದರಲ್ಲಿ ಒಬ್ಬ ಸಚಿವರ ಹೇಳಿಕೆಯ ಬಗ್ಗೆ ‘ಒಂದೆರಡು ಇನ್‌ಎಕ್ಸಾಕ್ಟಿಟ್ಯೂಡ್‌ಗಳಿವೆ’ ಅಂತ ಇತ್ತು. ನಿಘಂಟಿನಲ್ಲಿ ನೋಡಿದರೆ ‘ನಿಖರವಲ್ಲದಿರುವಿಕೆ’. ಇಂಗ್ಲಿಷ್ ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಇದು, ‘ಇಂಪ್ರಿಸಿಷನ್’, ‘ಇನ್‌ಆಕ್ಯುರಸಿ’ ಮೂರೂ ಒಂದೇ ಸಾಲಿನಲ್ಲಿವೆ. ಹಾಗಾಗಿ ‘ಸಚಿವರ ಹೇಳಿಕೆಯಲ್ಲಿ ಕೆಲವು ಅಂಶಗಳು ನಿಖರವಾಗಿಲ್ಲ’ ಅಂತ ಬರೆದು ಕಳಿಸಿದೆ. ಸಂಪಾದಕರು ಆ ಸಾಲಿಗೆ ಗೆರೆ ಎಳೆದು, ‘ಸಪ್ಪೆಯಾಯಿತು, ಮೂಲದಲ್ಲಿ ಒಂದು ಚುಚ್ಚು ಇದೆ’ ಅಂತ ವಾಪಸ್ ಕಳಿಸಿದ್ದಾರೆ.

ಆ ಚುಚ್ಚು ನನಗೆ ಕಾಣಲೇ ಇಲ್ಲ, ಅದೇ ಬೇಜಾರು. ಪದ ನೋಡಿದರೆ ಬರೀ ಲೆಕ್ಕಪತ್ರದ ಪದದ ಹಾಗಿದೆ. ಇಂಗ್ಲಿಷ್ ಓದುವವರಿಗೆ ಇದರಲ್ಲಿ ಏನು ಕೇಳಿಸುತ್ತದೆ? ಮತ್ತೆ ಈ ಮೂರು ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಹಾಕಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1

ನಿಮ್ಮ ಸಂಪಾದಕರ ಕಿವಿ ಸರಿಯಾಗಿದೆ. ಈ ಪದಕ್ಕೆ ಆ ಚುಚ್ಚು ಬಂದದ್ದು ಚರ್ಚಿಲ್‌ನಿಂದ, ಆದರೆ ಅವನು ಬೇಕಂತ ಕೊಟ್ಟದ್ದಲ್ಲ.

1904ರಿಂದ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನ ಚಿನ್ನದ ಗಣಿಗಳಿಗೆ ಚೀನಾದಿಂದ ಕೂಲಿಗಳನ್ನು ಕರಾರಿನ ಮೇಲೆ ತರಿಸುತ್ತಿದ್ದರು. ಅವರು ಗಣಿಯ ಆವರಣದಲ್ಲೇ ಇರಬೇಕಿತ್ತು, ಪರವಾನಗಿ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಬ್ರಿಟನ್ನಿನಲ್ಲಿ ಇದು ದೊಡ್ಡ ಗಲಾಟೆಯಾಯಿತು. 1906ರ ಜನವರಿ ಚುನಾವಣೆಯಲ್ಲಿ ಲಿಬರಲ್ ಪಕ್ಷದವರು ಇದನ್ನು ‘ಚೀನೀ ಗುಲಾಮಗಿರಿ’ ಅಂತ ಕರೆದು ಪ್ರಚಾರ ಮಾಡಿದರು, ಭಾರಿ ಬಹುಮತದಿಂದ ಗೆದ್ದೂಬಿಟ್ಟರು. ಗೆದ್ದ ಮೇಲೆ ಪಾರ್ಲಿಮೆಂಟಿನಲ್ಲಿ ಅದೇ ಪ್ರಶ್ನೆ ಎದ್ದಿತು: ಇದು ಗುಲಾಮಗಿರಿಯೇ ಹೌದಾ? ಆಗ ವಸಾಹತು ಖಾತೆಯ ಉಪಮಂತ್ರಿಯಾಗಿದ್ದವನು 31 ವರ್ಷದ ವಿನ್‌ಸ್ಟನ್ ಚರ್ಚಿಲ್. ಅದೇ ಫೆಬ್ರವರಿಯಲ್ಲಿ ಅವನು ಸದನದಲ್ಲಿ ಹೇಳಿದ ಮಾತಿನ ತಿರುಳು ಇಷ್ಟು: ಕರಾರಿನ ಷರತ್ತುಗಳು ಸರಿಯಿಲ್ಲದಿರಬಹುದು, ಆದರೆ ಗುಲಾಮಗಿರಿ ಎಂಬ ಪದವನ್ನು ಅದರ ಪೂರ್ತಿ ಅರ್ಥದಲ್ಲಿ ಇಲ್ಲಿ ಬಳಸಿದರೆ ಅದು ‘ಟರ್ಮಿನಾಲಾಜಿಕಲ್ ಇನ್‌ಎಕ್ಸಾಕ್ಟಿಟ್ಯೂಡ್’, ಅಂದರೆ ಪದಬಳಕೆ ನಿಖರವಲ್ಲದಿರುವಿಕೆ, ಆದೀತು.

ಇಲ್ಲಿ ಸ್ವಲ್ಪ ನಿಂತು ನೋಡಿ. ಅವನು ಯಾರನ್ನೂ ಸುಳ್ಳುಗಾರ ಅನ್ನಲಿಲ್ಲ. ಪದ ಸರಿಯಾಗಿ ಒಪ್ಪುವುದಿಲ್ಲ ಅಂತ ಅಷ್ಟೇ ಹೇಳಿದ್ದು, ಅಂದರೆ ನಿಮ್ಮ ನಿಘಂಟಿನ ಅರ್ಥವೇ. ಆದರೆ ಆ ಸದನದಲ್ಲಿ ಒಬ್ಬ ಸದಸ್ಯ ಇನ್ನೊಬ್ಬನನ್ನು ನೇರವಾಗಿ ‘ಸುಳ್ಳು ಹೇಳಿದೆ’ ಅನ್ನುವಂತಿಲ್ಲ. ಹಾಗೆ ಅಂದುಬಿಟ್ಟರೆ ಮಾತು ವಾಪಸ್ ತೆಗೆದುಕೊಳ್ಳಬೇಕು, ಇಲ್ಲವೇ ಹೊರಗೆ ನಡೆಯಬೇಕು. 2021ರ ಜುಲೈನಲ್ಲೂ ಡಾನ್ ಬಟ್ಲರ್ ಎಂಬ ಸದಸ್ಯೆ ಪ್ರಧಾನಿ ಬೋರಿಸ್ ಜಾನ್ಸನ್ ಸುಳ್ಳು ಹೇಳಿದ್ದಾರೆ ಅಂದು, ಮಾತು ಹಿಂತೆಗೆದುಕೊಳ್ಳದೆ ಹೊರಗೆ ಹೋಗಬೇಕಾಯಿತು. ಹೇಳಲೇಬೇಕು, ಆದರೆ ಹೇಳುವಂತಿಲ್ಲ ಅನ್ನುವ ಜಾಗದಲ್ಲಿ ಚರ್ಚಿಲ್‌ನ ಆ ಉದ್ದದ ಪದಜೋಡಿ ಜನಕ್ಕೆ ಸಿಕ್ಕಿತು. ಅಲ್ಲಿಂದ ಮುಂದೆ ಅದು ‘ಸುಳ್ಳು’ ಎಂಬುದರ ಸಭ್ಯ ರೂಪವಾಗಿ ಓಡಾಡುತ್ತಿದೆ. ಈಗ ‘ಟರ್ಮಿನಾಲಾಜಿಕಲ್’ ಬಿಟ್ಟು ಬರೀ ‘ಇನ್‌ಎಕ್ಸಾಕ್ಟಿಟ್ಯೂಡ್’ ಅಂದರೂ, ಅದರಲ್ಲೂ ರಾಜಕಾರಣಿಯ ಬಗ್ಗೆ ಅಂದರೆ, ಓದುವವರಿಗೆ ಆ ನೆನಪು ಬಂದೇ ಬರುತ್ತದೆ.

ಇದೇ ಜಾತಿಯ ಇನ್ನೊಂದು ಮಾತಿದೆ. 1986ರಲ್ಲಿ ಆಸ್ಟ್ರೇಲಿಯಾದ ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಬ್ರಿಟನ್ನಿನ ಕ್ಯಾಬಿನೆಟ್ ಕಾರ್ಯದರ್ಶಿ ರಾಬರ್ಟ್ ಆರ್ಮ್‌ಸ್ಟ್ರಾಂಗ್ ‘ಎಕನಾಮಿಕಲ್ ವಿತ್ ದ ಟ್ರೂತ್’ ಅಂದರು, ಅಂದರೆ ಸತ್ಯವನ್ನು ಹಿಡಿತದಲ್ಲಿ ಖರ್ಚು ಮಾಡುವುದು. ಅದೂ ಹೀಗೇ ಮನೆಮಾತಾಯಿತು.

ಉತ್ತರ 2

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ರಾಜಕೀಯದ ಪದ ನನಗೆ ಗೊತ್ತಿಲ್ಲ, ಆದರೆ ಉಳಿದ ಎರಡು ಪದಗಳನ್ನು ದಿನಾ ಬಳಸುತ್ತೇವೆ. ಅವು ಖಂಡಿತ ಒಂದೇ ಅಲ್ಲ.

ಬೆಳಿಗ್ಗೆ ರೋಗಿಗಳ ರಕ್ತ ಹಾಕುವ ಮೊದಲು ಮಷಿನ್‌ಗೆ ಕಂಟ್ರೋಲ್, ಅಂದರೆ ಮಷಿನ್ ಪರೀಕ್ಷಿಸುವ ಮಾದರಿ, ಹಾಕುತ್ತೇವೆ. ಅದರಲ್ಲಿ ಸಕ್ಕರೆ ಎಷ್ಟಿದೆ ಅಂತ ಮೊದಲೇ ಗೊತ್ತಿರುತ್ತದೆ, 100 ಅಂದುಕೊಳ್ಳಿ. ಒಂದು ಮಷಿನ್ 90, 91, 90, 89 ಅಂತ ತೋರಿಸಿತು. ಪ್ರತಿ ಸಲವೂ ಹತ್ತಿರ ಹತ್ತಿರವೇ ಇದೆ, ಆದರೆ ಎಲ್ಲವೂ ಕೆಳಗೆ. ಇದು ಇನ್‌ಆಕ್ಯುರಸಿ. ಇನ್ನೊಂದು ಮಷಿನ್ 85, 112, 97, 106 ತೋರಿಸಿತು. ಸರಾಸರಿ ತೆಗೆದರೆ ಸರಿಯಾಗಿ 100, ಆದರೆ ಒಂದೊಂದು ಸಲ ಒಂದೊಂದು ಕಡೆ ಹಾರುತ್ತದೆ. ಇದು ಇಂಪ್ರಿಸಿಷನ್. ಮೊದಲನೆಯದನ್ನು ಕ್ಯಾಲಿಬ್ರೇಷನ್ ಮಾಡಿ, ಅಂದರೆ ಮಷಿನ್ನಿನ ಅಳತೆಯನ್ನು ಗೊತ್ತಿರುವ ಮಟ್ಟಕ್ಕೆ ಹೊಂದಿಸಿ, ಸರಿಪಡಿಸಬಹುದು. ಎರಡನೆಯದಕ್ಕೆ ಕ್ಯಾಲಿಬ್ರೇಷನ್ ಪ್ರಯೋಜನವಿಲ್ಲ. ದ್ರವ ಅಳೆದು ಹಾಕುವ ಪಿಪೆಟ್ ನೋಡಬೇಕು, ಪರೀಕ್ಷೆಯ ರಾಸಾಯನಿಕ ಅಂದರೆ ರೀಏಜೆಂಟ್ ನೋಡಬೇಕು, ಕೆಲವೊಮ್ಮೆ ಇಡೀ ದಿನ ಹೋಗುತ್ತದೆ. ಆ ಮಷಿನ್ನಿನಲ್ಲಿ ಒಬ್ಬ ರೋಗಿಗೆ ಒಂದೇ ಸಲ ಪರೀಕ್ಷೆ ಮಾಡಿ ರಿಪೋರ್ಟ್ ಕೊಟ್ಟರೆ ಅವರಿಗೆ 85 ಸಿಗುತ್ತದೋ 112 ಸಿಗುತ್ತದೋ ಹೇಳುವವರು ಯಾರು? ಡಾಕ್ಟರ್ ಆ ಒಂದು ಅಂಕಿ ನೋಡಿಯೇ ಮಾತ್ರೆ ಬರೆಯುವುದು.

ಕನ್ನಡದಲ್ಲಿ ಎರಡಕ್ಕೂ ‘ನಿಖರವಾಗಿಲ್ಲ’ ಅಂದುಬಿಡುತ್ತೇವೆ, ಅದೇ ತೊಂದರೆ. ಹೊಸ ಹುಡುಗರಿಗೆ ಕಲಿಸುವಾಗ ನಾನು ಮೊದಲನೆಯದಕ್ಕೆ ‘ಗುರಿ ತಪ್ಪಿದೆ’, ಎರಡನೆಯದಕ್ಕೆ ‘ಚದುರಿದೆ’ ಅನ್ನುತ್ತೇನೆ. ತಕ್ಷಣ ಅರ್ಥವಾಗುತ್ತದೆ. ಇನ್ನು ನೀವು ಕೇಳಿದ ಆ ಮೂರನೇ ಪದವನ್ನು ಯಾವ ಲ್ಯಾಬ್ ರಿಪೋರ್ಟಿನಲ್ಲೂ ನಾನು ನೋಡಿಲ್ಲ.

ಉತ್ತರ 3

ಉತ್ತರ 1ಕ್ಕೆ ಒಂದು ತಕರಾರು. ಈ ಪದ ಕಂಡಲ್ಲೆಲ್ಲ ‘ಸುಳ್ಳು’ ಅಂತ ಓದಬೇಡಿ. ಒಂದು ಚರಿತ್ರೆ ಪುಸ್ತಕದ ವಿಮರ್ಶೆಯಲ್ಲಿ ‘ಕೆಲವು ಸಣ್ಣ ಇನ್‌ಎಕ್ಸಾಕ್ಟಿಟ್ಯೂಡ್‌ಗಳು’ ಅಂತ ಬಂದರೆ ಇಸವಿ, ಊರಿನ ಹೆಸರು ಅಲ್ಲಿಲ್ಲಿ ತಪ್ಪಾಗಿವೆ ಅಂತ ಅಷ್ಟೇ. ಅಲ್ಲಿ ಯಾವ ಚುಚ್ಚೂ ಇಲ್ಲ. ಮಾತು ಯಾರದು, ತಪ್ಪಿನಿಂದ ಅವರಿಗೆ ಲಾಭ ಇದೆಯಾ, ಎರಡನ್ನೂ ನೋಡಿ. ಸಚಿವರ ಹೇಳಿಕೆ ಅಂದಮೇಲೆ ನಿಮ್ಮ ಲೇಖನದಲ್ಲಿ ಚುಚ್ಚು ಇರುವ ಸಾಧ್ಯತೆಯೇ ಜಾಸ್ತಿ.

ಹಾಗೇ ‘ಎಕ್ಸಾಕ್ಟಿಟ್ಯೂಡ್’ ಅನ್ನುವ ಇದರ ಎದುರು ಪದದಲ್ಲಿ ಈ ವಾಸನೆ ಏನೇನೂ ಇಲ್ಲ, ಅದು ಶುದ್ಧ ಹೊಗಳಿಕೆ. ‘ಇನ್‌ಎಕ್ಸಾಕ್ಟ್‌ನೆಸ್’ ಅಂದರೂ ಇಲ್ಲ. ಆ ಒಂದು ರೂಪಕ್ಕೆ ಮಾತ್ರ ಅಂಟಿಕೊಂಡಿದೆ.

ಅನುವಾದಕ್ಕೆ ಬಂದರೆ, ನಮ್ಮ ಪತ್ರಿಕೆಗಳಲ್ಲೇ ಇದಕ್ಕೆ ಒಳ್ಳೆ ಮಾತಿದೆಯಲ್ವಾ? ‘ಈ ಆರೋಪ ಸತ್ಯಕ್ಕೆ ದೂರವಾದದ್ದು.’ ಸುಳ್ಳು ಅನ್ನಲಿಲ್ಲ, ಆದರೆ ಯಾರಿಗೂ ಅರ್ಥವಾಗದೆ ಇರುವುದಿಲ್ಲ. ವಿಧಾನಸಭೆಯಲ್ಲಿ ಯಾರಾದರೂ ನೇರ ಪದ ಬಳಸಿದರೆ ‘ಕಡತದಿಂದ ತೆಗೆಯಿರಿ’ ಅಂತ ಕೂಗು ಏಳುತ್ತದೆ, ಅದಕ್ಕೇ ಅಲ್ಲೂ ಇಂಥ ಮಾತು ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ, ತುಂಬಾ ಉಪಕಾರವಾಯಿತು. ‘ಸತ್ಯಕ್ಕೆ ದೂರ’ ಸ್ವಲ್ಪ ಗಟ್ಟಿಯಾಯಿತೇನೋ ಅನ್ನಿಸಿತು. ಮೂಲದಲ್ಲಿ ‘ಒಂದೆರಡು’ ಅಂತ ಇದೆ, ಲೇಖಕರು ದನಿ ತಗ್ಗಿಸಿಯೇ ಹೇಳಿದ್ದಾರೆ. ಹಾಗಾಗಿ ‘ಸಚಿವರ ಮಾತು ಒಂದೆರಡು ಕಡೆ ಸತ್ಯದಿಂದ ತುಸು ಆಚೆ ಸರಿದಿದೆ’ ಅಂತ ಬರೆದೆ. ಈಗ ತಾನೇ ಕಳಿಸಿದ್ದೇನೆ, ಸಂಪಾದಕರು ಏನಂದರು ಅಂತ ನಾಳೆ ಇಲ್ಲೇ ತಿಳಿಸುತ್ತೇನೆ. ಲ್ಯಾಬಿನವರು ಹೇಳಿದ ‘ಚದುರಿದೆ’ಯನ್ನೂ ಬರೆದಿಟ್ಟುಕೊಂಡಿದ್ದೇನೆ.