ಮರದ ‘ಎಳೆ’ ಎನ್ನಬೇಕೋ, ‘ಹಾಸು’ ಎನ್ನಬೇಕೋ?

ಪದಚರ್ಚೆಯ ಬಂಧುಗಳಿಗೆ ನಮಸ್ಕಾರ.

ಒಂದು ಪದಕ್ಕಾಗಿ ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ಮರದ ಒಳಗೆ ಬುಡದಿಂದ ತುದಿಯವರೆಗೆ ನಾರುಗಳು ಒಂದು ದಿಕ್ಕು ಹಿಡಿದು ಸಾಗಿರುತ್ತವೆ. ಆ ಸಾಗುವಿಕೆಗೆ ಕನ್ನಡದಲ್ಲಿ ಏನೆಂದು ಹೆಸರು? ಪೀಠೋಪಕರಣ ಮಾಡುವ ಅಂಗಡಿಗಳಲ್ಲಿ ‘ಗ್ರೇನ್ಸ್’ ಎನ್ನುತ್ತಾರೆ. ಆದರೆ ಅವರ ಬಾಯಲ್ಲಿ ಅದು ಹಲಗೆಯ ಮೇಲೆ ಕಣ್ಣಿಗೆ ಕಾಣುವ ಚಿತ್ತಾರದ ಹೆಸರು. ಪ್ಲೈವುಡ್ಡಿನ ಮೇಲೆ ಅಂಟಿಸಿದ ಕಾಗದದಲ್ಲಿಯೂ ‘ಗ್ರೇನ್ಸ್ ಚೆನ್ನಾಗಿದೆ’ ಎಂದು ತೋರಿಸುತ್ತಾರೆ. ನನಗೆ ಬೇಕಾದದ್ದು ಕಣ್ಣಿಗೆ ಕಾಣುವುದಲ್ಲ, ಉಳಿಗೆ ತಾಗುವುದು.

ಸಂದರ್ಭವನ್ನು ಹೇಳಿಬಿಡುತ್ತೇನೆ. ಸಾಗರದಲ್ಲಿ ನಾವು ಹತ್ತು ಹನ್ನೆರಡು ಮಂದಿ ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರ ಮನೆಯ ಜಗಲಿಯಲ್ಲಿ ಸೇರಿ ಮರ ಕೆತ್ತುತ್ತೇವೆ. ನಮಗೆ ಕಲಿಸುವವರು ಗುಡಿಗಾರ ಮನೆತನದ ಹಿರಿಯರು. ಸಾಗರ, ಸೊರಬಗಳ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನೂ, ಮದುವೆಗೆ ಅವರು ಬೆಂಡಿನಲ್ಲಿ ಮಾಡಿಕೊಡುವ ಬಾಸಿಂಗಗಳನ್ನೂ ಇಲ್ಲಿ ಬಲ್ಲವರು ಬಹಳ ಮಂದಿ ಇರಬಹುದು. ಉಳಿದ ನಾವೆಲ್ಲ ಹವ್ಯಾಸಿಗಳು: ತೋಟದವರು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಕಾಲೇಜು ಹುಡುಗರಿಬ್ಬರು, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ಪಳಗಿದ ಕೈಯ ಮೂವರು ಹೆಂಗಸರು, ಮತ್ತು ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು. ಅಡಿಕೆ ಕೊಯ್ಲು ಶುರುವಾದರೆ ಕೂಟ ಐದಾರು ಜನಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಜಗಲಿ ಸಾಲದಷ್ಟು ಜನ. ಹೊರಗೆ ಜಡಿಮಳೆ, ಒಳಗೆ ಕೊಡತಿಯ ಸದ್ದು, ನಡುವೆ ಒಂದು ಸುತ್ತು ಕಷಾಯ. ಶ್ರೀಗಂಧವನ್ನು ನಾವು ಮುಟ್ಟುವುದಿಲ್ಲ. ಜಮೀನಿನಲ್ಲಿ ಬೆಳೆದ ಗಂಧದ ಮರ ಜಮೀನಿನವನದೇ ಎಂದು 2001ರಲ್ಲಿ ಕಾನೂನು ತಿದ್ದುಪಡಿಯಾಗಿರುವುದು ನಿಜವೇ ಆದರೂ, ಕಿಲೋ ಲೆಕ್ಕದಲ್ಲಿ ತೂಗಿ ಮಾರುವ ಮರದ ಮೇಲೆ ಕಲಿಯುವವರು ಕೈ ಪಳಗಿಸಿಕೊಳ್ಳುವುದು ಆಗದ ಮಾತು. ನಮ್ಮದು ಶಿವನೆ, ಇಲ್ಲವೇ ಸಾಮಿಲ್ಲಿನಲ್ಲಿ ಉಳಿದ ಹಲಸಿನ ತುಂಡು.

ಹೊಸಬರಿಗೆಂದು ಎಂಟು ಪುಟದ ಒಂದು ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಉಳಿ, ಕೊಡತಿ, ಬಾಚಿ, ಅರ, ಗರಗಸ ಇವೆಲ್ಲ ಸಲೀಸಾಗಿ ಬಂದವು. ಮರದ ಗಟ್ಟಿ ತಿರುಳಿಗೆ ಕನ್ನಡದಲ್ಲಿ ಒಂದಲ್ಲ, ಎರಡು ಪದಗಳಿವೆ: ಕೆಚ್ಚು ಮತ್ತು ಚೇಗು. (ಕೆಚ್ಚೆದೆ ಎಂದು ಭಾಷಣದಲ್ಲಿ ಗುಡುಗುವವರಲ್ಲಿ ಎಷ್ಟು ಮಂದಿಗೆ ಅದು ಮರದ ತಿರುಳಿನಂಥ ಎದೆ ಎಂದು ಗೊತ್ತಿದೆಯೋ ಕಾಣೆ.) ಕೊಂಬೆ ಒಡೆದ ಜಾಗಕ್ಕೆ ಗಂಟು ಎನ್ನುತ್ತೇವೆ. ಆದರೆ ಕೆತ್ತುವವನಿಗೆ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿಗೇ ನನಗೆ ಹೆಸರು ಸಿಕ್ಕಲಿಲ್ಲ. ಕಡೆಗೆ ‘ಎಳೆ’ ಎಂದು ಬರೆದೆ. ನೂಲಿನ ಎಳೆಯಂತೆ ಮರದ ಎಳೆ. ಯಾರಿಗೂ ಅರ್ಥವಾಗುವಂಥದು ಎಂದುಕೊಂಡೆ.

ಅರ್ಥವಾಯಿತು, ಬೇರೆ ರೀತಿಯಲ್ಲಿ. ‘ಮುಂದಿನ ವಾರ ಬರುವಾಗ ಎಳೆ ನೇರವಾಗಿರುವ ಮರದ ತುಂಡೊಂದನ್ನು ತನ್ನಿ’ ಎಂಬುದು ಕೈಪಿಡಿಯ ಎರಡನೆಯ ಪುಟದ ಮಾತು. ಹೊಸದಾಗಿ ಸೇರಿದ ತೋಟದ ಯುವಕರೊಬ್ಬರು ಮುಂದಿನ ಭಾನುವಾರ ತಮ್ಮ ಬೇಣದ ಅಂಚಿನಿಂದ ಮುಂಗೈ ದಪ್ಪದ ಅಕೇಶಿಯಾ ಸಸಿಯೊಂದನ್ನು ಕಡಿದು, ಇನ್ನೂ ರಸ ಜಿನುಗುತ್ತಿದ್ದಾಗಲೇ ಹೊತ್ತು ತಂದರು. ‘ಎಳೆ ಮರ, ನೇರವಾಗಿದೆ, ನೋಡಿ ಮೇಷ್ಟ್ರೇ’ ಎಂದರು. ನನ್ನ ವಾಕ್ಯವನ್ನು ಅವರು ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ: ಎಳೆಯದಾದ, ನೇರವಾಗಿರುವ ಮರ. ಒಂದು ಅಲ್ಪವಿರಾಮವನ್ನು ಅವರು ಮನಸ್ಸಿನಲ್ಲೇ ಸೇರಿಸಿಕೊಂಡಿದ್ದರು, ಅಷ್ಟೆ. ಹಸಿ ಮರವಾದ್ದರಿಂದ ಅದು ಮರುವಾರದ ಹೊತ್ತಿಗೆ ತುದಿಯಿಂದ ನಡುವಿನ ತನಕ ಬಿರುಕು ಬಿಟ್ಟಿತ್ತು. ಆರನೆಯ ಪುಟದಲ್ಲಿದ್ದ ‘ಎಳೆಯ ವಿರುದ್ಧ ಉಳಿ ಹಿಡಿಯಬಾರದು’ ಎಂಬ ಮಾತನ್ನು ನಮ್ಮ ಕಾಲೇಜು ಹುಡುಗರು ಇಂದಿಗೂ ತಮ್ಮ ರಕ್ಷಣೆಗೆ ಬಳಸಿಕೊಳ್ಳುತ್ತಾರೆ. ಎಳೆಯರ ವಿರುದ್ಧ ಉಳಿ ಎತ್ತುವುದು ಮೇಷ್ಟ್ರೇ ಬೇಡವೆಂದಿದ್ದಾರಲ್ಲ!

ಈ ಗೊಂದಲ ಹಳಗನ್ನಡದವರಿಗೆ ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿನ ಬಲ್ಲವರು ಆಗಲೇ ಗಮನಿಸಿರುತ್ತಾರೆ. ದಾರದ ಎಳೆ ಹಿಂದೆ ‘ಎೞೆ’ (ೞ ಎಂಬುದು ಈಗ ಬಳಕೆ ತಪ್ಪಿದ ಇನ್ನೊಂದು ಬಗೆಯ ಳಕಾರ). ತಮಿಳಿನಲ್ಲಿ ಅದು ಇಂದಿಗೂ ಆ ಹಳೆಯ ೞಕಾರವನ್ನು ಉಳಿಸಿಕೊಂಡು ‘ಇೞೈ’ ಎಂದೇ ಇದೆ. ಎಳಸು, ಎಳೆಯ, ಎಳನೀರುಗಳಲ್ಲಿರುವುದು ಬೇರೆಯ ಳಕಾರ; ತಮಿಳಿನ ‘ಇಳ’ ಅದರ ಜೋಡಿ. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ರಳ, ಕುಳ, ಕ್ಷಳಗಳೆಂದು ಈ ಳಕಾರಗಳನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಅವು ಜನರ ಬಾಯಲ್ಲಿ ಕಲಸಿಹೋಗುತ್ತಿದ್ದುದಕ್ಕೆ ಸಾಕ್ಷಿಯೆಂದು ನಾನು ಭಾವಿಸುತ್ತೇನೆ. ೞ ಅಳಿದು ಎರಡೂ ‘ಎಳೆ’ಯಾದವು, ಎಳೆಯುವ ಕ್ರಿಯಾಪದವೂ ಅದೇ ರೂಪಕ್ಕೆ ಬಂದು ನಿಂತಿತು. ಸಾಗರದ ಜಗಲಿಯಲ್ಲಿ ಒಂದು ಅಕೇಶಿಯಾ ಸಸಿ ಅನ್ಯಾಯವಾಗಿ ನೆಲಕ್ಕುರುಳಿದ್ದಕ್ಕೆ ಒಂದು ಅಕ್ಷರದ ಸಾವು ಕಾರಣವೆಂದು ನಾನು ಹೇಳಿದಾಗ ಗುರುಗಳು ನಕ್ಕರೇ ಹೊರತು ಒಪ್ಪಲಿಲ್ಲ.

ಹಾಗಾದರೆ ನೀವೇನೆನ್ನುತ್ತೀರಿ ಎಂದು ಅವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅದಕ್ಕೆ ಹೆಸರೆಂತಕ್ಕೆ ಮಾರಾಯ್ರೇ? ಮರ ಹೋದ ಹಾಗೆ ಉಳಿ ಹೋಗ್ಬೇಕು. ಉಳಿ ಹೋದ ಹಾಗೆ ಮರ ಹೋದ್ರೆ ಸಿಬರು ಏಳ್ತದೆ’ ಎಂದರು. ಅಲ್ಲಿ ನಾಮಪದವೇ ಇಲ್ಲ. ಅಂದು ಅವರು ಹಲಸಿನ ಹಲಗೆಯೊಂದರ ಮೇಲೆ ತಾವರೆಯ ಒಂದು ದಳವನ್ನು ಬಿಡಿಸಿ ತೋರಿಸುತ್ತಿದ್ದರು. ಹಲಗೆಯ ಉದ್ದಕ್ಕೇ ದಳದ ಉದ್ದ. ದಳದ ಹೊಟ್ಟೆಯಿಂದ ಮೊನೆಯ ಕಡೆಗೆ ಉಳಿಯನ್ನು ನೂಕಿದಾಗ ಹಳದಿ ಸುರುಳಿಯೊಂದು ಮೆಲ್ಲನೆ ಎದ್ದು ಮಡಿಲಿಗೆ ಬಿತ್ತು. ಕಡಿದ ಜಾಗ ಬೆಣ್ಣೆ ಕೊಯ್ದಂತೆ ಹೊಳೆಯಿತು. ಆಮೇಲೆ ಬೇಕೆಂದೇ, ಇನ್ನೊಂದು ಬದಿಯಲ್ಲಿ, ಮೊನೆಯಿಂದ ಹೊಟ್ಟೆಯ ಕಡೆಗೆ ನೂಕಿದರು. ಉಳಿಯ ಬಾಯಿ ಗೆರೆ ಬಿಟ್ಟು ಒಳಕ್ಕೆ ಇಳಿಯಿತು, ‘ಚಟ್’ ಎಂದಿತು, ಹೆಬ್ಬೆರಳಿನ ಉಗುರಿನಷ್ಟು ದಳವೇ ಎದ್ದು ಬಂತು. ಪೆನ್ಸಿಲನ್ನು ಬ್ಲೇಡಿನಿಂದ ಹೆರೆಯುವಾಗ ಯಾರೂ ಮೊನೆಯಿಂದ ಕೈಯ ಕಡೆಗೆ ಹೆರೆಯುವುದಿಲ್ಲವಲ್ಲ, ಅದೇ ಲೆಕ್ಕ. ದಪ್ಪದಿಂದ ಸಣ್ಣಕ್ಕೆ ಇಳಿಯುವಾಗ ಉಳಿ ನಾರುಗಳನ್ನು ಒಂದೊಂದಾಗಿ ಕತ್ತರಿಸಿಕೊಂಡು ಹೊರಗೆ ಬರುತ್ತದೆ. ಸಣ್ಣದಿಂದ ದಪ್ಪಕ್ಕೆ ಏರಹೊರಟರೆ ನಾರುಗಳ ನಡುವೆ ಹೊಕ್ಕು, ತಾನು ಕತ್ತರಿಸುವುದನ್ನು ಬಿಟ್ಟು ಅವನ್ನು ಸೀಳತೊಡಗುತ್ತದೆ.

‘ಸೀಳತೊಡಗುತ್ತದೆ’ ಎಂದು ಟಿಪ್ಪಣಿ ಬರೆದುಕೊಳ್ಳುವಾಗಲೇ ನನಗೆ ಹೊಳೆದದ್ದು: ಕನ್ನಡಕ್ಕೆ ಈ ವಿಷಯ ಗೊತ್ತಿಲ್ಲದೆ ಇಲ್ಲ, ಅದು ಅದನ್ನು ನಾಮಪದದಲ್ಲಿ ಇಟ್ಟಿಲ್ಲ, ಕ್ರಿಯಾಪದಗಳಲ್ಲಿ ಇಟ್ಟಿದೆ. ಸೌದೆಯನ್ನು ಅಡ್ಡಕ್ಕೆ ಸೀಳಿದೆ ಎಂದು ಯಾರೂ ಹೇಳುವುದಿಲ್ಲ. ಸೀಳುವುದು ಯಾವಾಗಲೂ ಉದ್ದಕ್ಕೆ, ನಾರಿನ ಜೊತೆ. ಅಡಿಕೆ ಮರವನ್ನು ಸಿಗಿದು ದಬ್ಬೆ ಮಾಡುವಾಗ ‘ಸಿಗಿ’ ಎಂಬುದೂ ಹಾಗೆಯೇ. ಕಡಿಯುವುದು, ತುಂಡರಿಸುವುದು ಅಡ್ಡಕ್ಕೆ. ಕೆತ್ತುವುದು ಓರೆಯಾಗಿ, ಮೇಲುಮೇಲಿನಿಂದ. ತೋಟದಲ್ಲಿ ಹುಲ್ಲು ಕೆತ್ತುವಾಗಲೂ ಕತ್ತಿ ನೆಲಕ್ಕೆ ಓರೆಯಾಗಿಯೇ ಇರುತ್ತದೆ. ಕೊರೆಯುವುದು ಒಳಮುಖ, ಅದಕ್ಕೆ ದಿಕ್ಕಿನ ಹಂಗು ಕಡಿಮೆ. ಕೀಸುವುದು, ಹೆರೆಯುವುದು ಮೈಯ ಮೇಲೆ ತೆಳುವಾಗಿ. ಕಡೆಯುವುದು ಕಡಸಲಿನ ಮೇಲೆ ಮರವೇ ತಿರುಗುವಾಗ. ಚನ್ನಪಟ್ಟಣದ ಬೊಂಬೆಗಳಿಗೆ ಆಲೆ ಮರವನ್ನು ಕಡೆಯುತ್ತಾರೆಯೇ ಹೊರತು ಕೆತ್ತುವುದಿಲ್ಲ. ಪತ್ರಿಕೆಗಳಲ್ಲಿ ಎಲ್ಲವನ್ನೂ ‘ಕೆತ್ತನೆ’ ಎಂದು ಒಂದೇ ಗೂಟಕ್ಕೆ ಕಟ್ಟುವುದು ನನಗೆ ಒಪ್ಪಿಗೆಯಾಗದು.

ನೆಲಕ್ಕೆ ಬಿದ್ದ ಕಸಕ್ಕೂ ಇದೇ ವಿವೇಕ ಅಂಟಿಕೊಂಡಿದೆ. ಕೆತ್ತಿದರೆ ಬೀಳುವುದು ಚಕ್ಕೆ, ಗರಗಸದಲ್ಲಿ ಕೊಯ್ದರೆ ಹೊಟ್ಟು, ಕೀಸಿದರೆ ಸುರುಳಿ, ತಪ್ಪು ದಿಕ್ಕಿನಲ್ಲಿ ಹೋದರೆ ಏಳುವುದು ಸಿಬರು. ಸಂಜೆ ಜಗಲಿ ಗುಡಿಸುವವರು ಕಸ ನೋಡಿಯೇ ಅಂದು ಯಾರ ಕೆಲಸ ಹೇಗೆ ನಡೆಯಿತೆಂದು ಹೇಳಬಲ್ಲರು. ನನ್ನ ಚಾಪೆಯ ಸುತ್ತ ಹೆಚ್ಚಾಗಿ ಸಿಬರೇ ಇರುತ್ತದೆ.

ನಾಮಪದ ಇಲ್ಲದ್ದಕ್ಕೆ ನನ್ನದೊಂದು ಊಹೆ ಇದೆ. ಶಿಲ್ಪದ ಬಗ್ಗೆ ನಾವು ಬರೆಯುವ ಕನ್ನಡವೆಲ್ಲ ಕಲ್ಲಿನ ಕೆಲಸದಿಂದ ಬಂದದ್ದು. ರೂವಾರಿ, ಕಂಡರಿಸು ಮುಂತಾದ ಚೆಲುವಾದ ಮಾತುಗಳು ನಮಗೆ ಶಾಸನಗಳಿಂದ ಸಿಕ್ಕಿವೆ. ನಮ್ಮ ಜಿಲ್ಲೆಯದೇ ಆದ ಬಳ್ಳಿಗಾವಿಯಿಂದ ಬೇಲೂರಿಗೆ ಹೋಗಿ ಹೆಸರು ಬಿಟ್ಟುಬಂದ ಶಿಲ್ಪಿ ದಾಸೋಜನ ಉಳಿಗೆ ಎದುರಾದದ್ದು ಬಳಪದ ಕಲ್ಲು; ಮೆತ್ತಗೆ ಒಂದೇ ಹದವಾಗಿರುವ ಆ ಕಲ್ಲಿನಲ್ಲಿ ಹಾರದ ಮಣಿಯನ್ನು ಎಡದಿಂದ ಬಿಡಿಸಿದರೂ ಸರಿ, ಬಲದಿಂದ ಬಿಡಿಸಿದರೂ ಸರಿ. ಮರದ ತೊಡಕು ಅಲ್ಲಿಲ್ಲ. ಮರದವರು ಶಾಸನ ಬರೆಸಲಿಲ್ಲ, ಅವರ ಮಾತು ಜಗಲಿಯಿಂದ ಜಗಲಿಗೆ ಬಾಯಲ್ಲೇ ದಾಟಿಬಂತು.

ಇನ್ನು ಕೈಪಿಡಿಗೆ ಬೇಕಾದ ಪದ. ‘ನಾರು’ ಎನ್ನಬಹುದೆಂದು ಬ್ಯಾಂಕಿನವರ ಸಲಹೆ. ಆದರೆ ನಾರು ವಸ್ತು, ದಿಕ್ಕಲ್ಲ. ಅದಲ್ಲದೆ ‘ನಾರು ಜಾಸ್ತಿ’ ಎಂದ ಕೂಡಲೇ ಬಲಿತ ಬೀನ್ಸ್ ನೆನಪಾಗುತ್ತದೆ. ‘ಗೆರೆ’ ಎಂದರೆ ಮತ್ತೆ ಕಣ್ಣಿಗೆ ಕಾಣುವುದಕ್ಕೇ ಹೋಗುತ್ತದೆ. ಬೀಟೆಯಲ್ಲಿ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಶ್ರೀಗಂಧದಲ್ಲಿ ಗೆರೆಯೆಂಬುದು ಕಂಡೂ ಕಾಣದಷ್ಟು, ಆದರೂ ಅದಕ್ಕೆ ದಿಕ್ಕು ಇದ್ದೇ ಇದೆ. ‘ಪದರ’ ಎಂದರೆ ಈರುಳ್ಳಿ. ‘ತಂತುವಿನ್ಯಾಸ’ ಎಂದು ಹಿಂದೊಮ್ಮೆ ಬರೆದು ನಾನೇ ನಾಚಿ ಹೊಡೆದುಹಾಕಿದೆ.

ನನಗೆ ಈಗ ಒಲವಿರುವುದು ‘ಹಾಸು’ ಎಂಬ ಮಾತಿನ ಕಡೆಗೆ. ನೇಯ್ಗೆಯಲ್ಲಿ ಉದ್ದಕ್ಕೆ ಕಟ್ಟಿದ ದಾರ ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಮರವನ್ನು ಬರೀ ಹಾಸೇ ಇದ್ದು ಹೊಕ್ಕು ಇಲ್ಲದ ಬಟ್ಟೆಯೆಂದು ಭಾವಿಸಿದರೆ, ಅದು ಉದ್ದಕ್ಕೆ ಯಾಕೆ ಅಷ್ಟು ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಯಾಕೆ ಹಟ ಹಿಡಿಯುತ್ತದೆ ಎಂಬುದು ಹೊಸಬರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ‘ಹಾಸು ಹಿಡಿದು ಕೆತ್ತಿ’, ‘ಎದುರುಹಾಸಿಗೆ ಉಳಿ ಬೇಡ’, ‘ಹಾಸು ನೇರವಾಗಿರುವ ತುಂಡು’ ಎಂದು ಮಾತು ಹೊಂದಿಕೊಳ್ಳುತ್ತದೆ. ಇದರಲ್ಲಿಯೂ ತೊಡಕಿಲ್ಲದೆ ಇಲ್ಲ: ಹಾಸುವುದು, ಹಾಸಿಗೆ, ಚಪ್ಪಡಿ ಹಾಸು ಎಲ್ಲವೂ ಇದೇ ಧಾತುವಿನ ಬಳಗ. ಅಡಿಕೆ ಸುಲಿಯುವ ಅಕ್ಕನವರೊಬ್ಬರು, ‘ಹಾಸು ಎಂದರೆ ಹಲಗೆಯನ್ನು ನೆಲಕ್ಕೆ ಹಾಸಿಬಿಡಬೇಕೇನೋ ಎಂದುಕೊಂಡೆ’ ಎಂದರು. ಆದರೂ ಅದರಿಂದ ಹಸಿ ಮರ ಕಡಿದು ತರುವ ಪ್ರಮೇಯ ಬರಲಾರದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಸೀಮೆಯ ಬಡಗಿಗಳು, ಮುಖ್ಯವಾಗಿ ಕರಾವಳಿಯಲ್ಲಿ ದೋಣಿ ಕಟ್ಟುವವರು ಮತ್ತು ಬಯಲುಸೀಮೆಯಲ್ಲಿ ಗಾಡಿ ಮಾಡುತ್ತಿದ್ದವರು, ಈ ದಿಕ್ಕಿಗೆ ನಾಮಪದವೊಂದನ್ನು ಬಳಸುವುದನ್ನು ಕೇಳಿದ್ದೀರಾ? ಕೇಳಿದ್ದರೆ ಅವರು ಅದನ್ನು ಯಾವ ವಾಕ್ಯದಲ್ಲಿ, ಯಾವ ಮರದ ವಿಷಯದಲ್ಲಿ ಆಡಿದರೆಂಬುದನ್ನೂ ದಯವಿಟ್ಟು ಬರೆಯಿರಿ. ಬರಿಯ ಪದಕ್ಕಿಂತ ಆ ವಾಕ್ಯ ನನಗೆ ಹೆಚ್ಚು ಬೇಕು. ನಾರುಗಳು ಒಂದು ಪದರದಲ್ಲಿ ಎಡಕ್ಕೂ ಮುಂದಿನದರಲ್ಲಿ ಬಲಕ್ಕೂ ವಾಲಿ, ಯಾವ ಕಡೆಯಿಂದ ಹೋದರೂ ಉಳಿಗೆ ಎದುರಾಗುವ ಹೊನ್ನೆಯಂಥ ಮರಗಳ ಗುಣಕ್ಕೆ ಬೇರೆ ಹೆಸರಿದ್ದರೆ ಅದೂ ಬೇಕು. ನಮ್ಮ ಗುರುಗಳು ಅದಕ್ಕೆ ‘ಜಗಳಗಂಟ ಮರ’ ಎಂದುಬಿಡುತ್ತಾರೆ. ಕೈಪಿಡಿಯ ಹೊಸ ಪ್ರತಿಯಲ್ಲಿ ಎರಡನೆಯ ಪುಟದ ಆ ವಾಕ್ಯದ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟು, ಪೆನ್ಸಿಲಿನಲ್ಲಿ ‘ಹಾಸು?’ ಎಂದು ಬರೆದಿಟ್ಟಿದ್ದೇನೆ.