ದೇವಾಲದ ಚಿನ್ನದ ಗುಂಡಿಗೆ ಇಳಿಯುತ್ತೇನೆ ಅಂತಿದ್ದಾನೆ ನಮ್ಮ ಹುಡುಗ, ಏನು ಹೇಳಲಿ?

ತಾಳವಾಡಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಈರೋಡ್ ಜಿಲ್ಲೆಯ ತಾಳವಾಡಿಯವನು. ನಮ್ಮ ಅಕ್ಕನನ್ನು ನೀಲಗಿರಿಯ ಗೂಡಲೂರಿಗೆ ಕೊಟ್ಟಿದ್ದೇವೆ. ದೇವಾಲ ಅನ್ನುವ ಊರು ಅಲ್ಲೇ ಹತ್ತಿರ. ಹೋದ ವಾರ ಅಲ್ಲಿಗೆ ಹೋಗಿದ್ದಾಗ ಅಕ್ಕನ ಮಗ ಕರ್ಚೀಫಿನ ಗಂಟು ಬಿಚ್ಚಿ ಒಂದು ಕಲ್ಲು ತೋರಿಸಿದ. ನಿಂಬೆಹಣ್ಣಿನಷ್ಟು ದಪ್ಪ. ಬಿಳಿ ಬೆಣಚುಕಲ್ಲು, ಒಂದು ಮಗ್ಗುಲಲ್ಲಿ ತುಕ್ಕಿನ ಬಣ್ಣದ ಗೆರೆ, ಆ ಗೆರೆಯೊಳಗೆ ಹಳದಿ ಮಿನುಗು. "ದೇವಾಲದ್ದು ಮಾವ. ಬ್ರಿಟಿಷರು ಬಿಟ್ಟುಹೋದ ಸುರಂಗದಲ್ಲಿ ಸಿಕ್ಕಿದ್ದು. ಅವರು ಅರ್ಧ ಕೂಡ ತೆಗೆದಿಲ್ಲವಂತೆ" ಅಂದ.

ಹುಡುಗನಿಗೆ 26 ವರ್ಷ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಈಗ ಅದನ್ನು ಬಿಟ್ಟು ಮೂವರು ಗೆಳೆಯರ ಜೊತೆ ಗುಂಡಿಗೆ ಇಳಿಯುತ್ತಾನಂತೆ. ಆರು ತಿಂಗಳು ಕಷ್ಟಪಟ್ಟರೆ ಬೈಕ್ ಸಾಲ ತೀರಿ ಮೇಲೆ ಉಳಿಯುತ್ತದೆ ಅನ್ನುವ ಲೆಕ್ಕ. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, "ನೀನು ಮೇಷ್ಟ್ರಲ್ವಾ, ಏನಾದ್ರೂ ಹೇಳು" ಅಂದಳು. ನಾನು ಹೇಳುವುದು ಏಳನೇ ಕ್ಲಾಸಿಗೆ ಗಣಿತ. ಚಿನ್ನದ ವಿಷಯ ನನಗೇನು ಗೊತ್ತು?

ನಿಜಕ್ಕೂ ಅಲ್ಲಿ ಚಿನ್ನಕ್ಕೆ ಜನ ಮುಗಿಬಿದ್ದ ಕಾಲ ಇತ್ತಾ? ಈ ಕಲ್ಲಲ್ಲಿರುವುದು ಚಿನ್ನವೋ ಕಾಗೆ ಬಂಗಾರವೋ? ಗೊತ್ತಿದ್ದವರು ಹೇಳಿ.

ಬದಿಯಡ್ಕದ ಭಾವ:

ಮೇಷ್ಟ್ರೇ, ನಮ್ಮ ಕಾಸರಗೋಡಿನಲ್ಲಿ ಚಿನ್ನ ಮಣ್ಣಿನಿಂದ ಬರುವುದಿಲ್ಲ ಮಾರಾಯ್ರೆ, ಗಲ್ಫಿನಿಂದ ಬರುವುದು. ನನ್ನ ಇಬ್ಬರು ಅಣ್ಣಂದಿರು ಹೋದರು. ಒಬ್ಬರು ಮನೆ ಕಟ್ಟಿಸಿದರು. ಇನ್ನೊಬ್ಬರು ವೀಸಾ ಕೊಡಿಸಿದವನ ಸಾಲವನ್ನೇ ಒಂಬತ್ತು ವರ್ಷ ತೀರಿಸಿದರು. ಊರಿನವರೆಲ್ಲ ಬೆರಳು ತೋರಿಸುವುದು ಮಾತ್ರ ಆ ಮನೆಯ ಕಡೆಗೆ. ನಿಮ್ಮ ಹುಡುಗನಿಗೂ ದೇವಾಲದಲ್ಲಿ ಯಾರೋ ಒಬ್ಬ ಗೆದ್ದವನ ಕತೆ ಸಿಕ್ಕಿರಬೇಕು, ಅಲ್ವಾ? ಕಲ್ಲಿನ ವಿಷಯ ತಿಳಿದವರು ಹೇಳಲಿ, ನಾನೂ ಓದುತ್ತೇನೆ.

ಗೂಡಲೂರು ಹಳಬ:

ಮೇಷ್ಟ್ರೇ, ಮೊದಲು ಕಲ್ಲಿನ ವಿಷಯ ಮುಗಿಸೋಣ. ಅದನ್ನು ನೆರಳಿಗೆ ತೆಗೆದುಕೊಂಡು ಹೋಗಿ ನೋಡಿ. ಚಿನ್ನ ನೆರಳಲ್ಲೂ ಅದೇ ಹಳದಿ. ಬಿಸಿಲಲ್ಲಿ ತಿರುಗಿಸಿದಾಗ ಮಾತ್ರ ಮಿನುಗಿದರೆ ಅನುಮಾನ ಪಡಿ. ಆಮೇಲೆ ಸೂಜಿಯಲ್ಲಿ ಕೆದಕಿ. ಪದರ ಪದರವಾಗಿ ಎದ್ದರೆ ಕಾಗೆ ಬಂಗಾರ, ಅಂದರೆ ಅಭ್ರಕ. ಆ ಮಿನುಗನ್ನು ಬಿಡಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ಕುಟ್ಟಿ. ಚಪ್ಪಟೆಯಾದರೆ ಚಿನ್ನ. ಪುಡಿಯಾಗಿ ಬೆಂಕಿಕಡ್ಡಿಯ ವಾಸನೆ ಬಂದರೆ ಅದು ಕಬ್ಬಿಣ ಮತ್ತು ಗಂಧಕ ಸೇರಿದ ಕಲ್ಲು. ನಮ್ಮ ಕಡೆ ಅದಕ್ಕೇನೂ ಬರವಿಲ್ಲ.

ಜನ ಮುಗಿಬಿದ್ದದ್ದು ನಿಜ. ಆದರೆ ಮುಗಿಬಿದ್ದದ್ದು ದೇವಾಲದಲ್ಲಿ ಅಲ್ಲ, ಲಂಡನ್ನಿನಲ್ಲಿ.

ಆಗ್ನೇಯ ವಯನಾಡು ಅನ್ನಿಸಿಕೊಂಡಿದ್ದ ನಮ್ಮ ಈ ಭಾಗ ಮೊದಲು ಮಲಬಾರ್ ಜಿಲ್ಲೆಗೆ ಸೇರಿತ್ತು, 1877ರಲ್ಲಿ ನೀಲಗಿರಿಗೆ ಬಂತು. ಪಣಿಯರು, ಕುರುಂಬರು ತೊರೆಯ ಮರಳು ತೊಳೆದು ಚಿನ್ನದ ಪುಡಿ ತೆಗೆಯುವುದು ಅದಕ್ಕಿಂತ ಎಷ್ಟೋ ಮೊದಲೇ ಇತ್ತು. ದೊರೆಗಳು ಬಂದದ್ದು ಕಾಫಿಗೆ. ಆ ಕಾಫಿಗೆ ಎಲೆಯಲ್ಲಿ ತುಕ್ಕುರೋಗ, ಕಾಂಡದಲ್ಲಿ ಕೊರೆಯುವ ಹುಳ. ತೋಟ ಒಣಗುತ್ತಿದ್ದಾಗ ತೋಟದಡಿಯ ಬೆಣಚುಕಲ್ಲಿನ ಮೇಲೆ ಕಣ್ಣು ಬಿತ್ತು. 1879ರಲ್ಲಿ ಬ್ರೋ ಸ್ಮಿತ್ ಅನ್ನುವವರು ಬಂದರು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಗಣಿ ಇಲಾಖೆ ನೋಡಿಕೊಂಡಿದ್ದವರು. ವರದಿ ಬರೆದರು, ತುಂಬ ಆಸೆ ಹುಟ್ಟಿಸುವ ವರದಿ. ಅಷ್ಟೇ ಸಾಕಾಯಿತು. 1880, 81ರಲ್ಲಿ ಲಂಡನ್ನಿನಲ್ಲಿ ನಮ್ಮ ದೇಶದ ಚಿನ್ನಕ್ಕೆ ಅಂತ 41 ಕಂಪನಿ ಹುಟ್ಟಿದವು. ಅದರಲ್ಲಿ 33 ಈ ವಯನಾಡು ಭಾಗಕ್ಕೇ. ಕಾಗದದ ಮೇಲಿನ ಬಂಡವಾಳ 40 ಲಕ್ಷ ಪೌಂಡಿಗೂ ಜಾಸ್ತಿ. ಕಾಫಿ ಸತ್ತ ತೋಟಗಳನ್ನು ಕಂಪನಿಗಳು ಚಿನ್ನದ ಬೆಲೆ ಕೊಟ್ಟು ಕೊಂಡವು. ಮಾರಿದ ತೋಟದ ದೊರೆಗಳು ಗೆದ್ದರು, ಷೇರು ಮಾರಿದವರು ಗೆದ್ದರು.

ಇಲ್ಲಿ ಏನಾಯಿತು? ಪಂದಲೂರಿನ ಕಡೆ ಬಂಗಲೆ ಎದ್ದವು. ಕಲ್ಲು ಪುಡಿ ಮಾಡುವ ಯಂತ್ರ ಬಂದವು. ಕಲ್ಲಲ್ಲಿ ಎಷ್ಟು ಚಿನ್ನ ಇದೆ ಅಂತ ಸರಿಯಾಗಿ ನೋಡುವ ಮೊದಲೇ ಯಂತ್ರಕ್ಕೆ ದುಡ್ಡು ಸುರಿದಿದ್ದರು. ಕುಟ್ಟಿ ನೋಡಿದರೆ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ. ಕೂಲಿಯವರಿಗೆ ಮಲೇರಿಯಾ, ಮೇಲೆ ದೇವಾಲದ ಮಳೆ. ಆ ಮಳೆ ಕಂಡವರಿಗೇ ಗೊತ್ತು. ಕೆಲವೇ ವರ್ಷದಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಯಂತ್ರ ಕಾಡಿನಲ್ಲೇ ತುಕ್ಕು ಹಿಡಿಯಿತು. ನಿಮ್ಮ ಹುಡುಗ "ಅರ್ಧ ಕೂಡ ತೆಗೆದಿಲ್ಲ" ಅಂದನಲ್ಲ, ಸರಿಯಾಗೇ ಹೇಳಿದ್ದಾನೆ. ತೆಗೆದರೆ ಗಿಟ್ಟುತ್ತಿರಲಿಲ್ಲ, ಬಿಟ್ಟರು.

ಇನ್ನು ನನ್ನ ಕತೆ. 1989ರಲ್ಲಿ ನಾವು ನಾಲ್ವರು ಒಂದು ಹಳೇ ಸುರಂಗಕ್ಕೆ ಇಳಿದೆವು. ಬಾಗಿಲಲ್ಲಿ ಬಗ್ಗಬೇಕು, ಹತ್ತು ಮಾರು ಹೋದ ಮೇಲೆ ತೆವಳಬೇಕು. ಮಂಡಿಯವರೆಗೆ ತಣ್ಣಗಿನ ನೀರು. ಚಿಮಣಿ ದೀಪ ಮಂಕಾದರೆ ಮಾತಾಡದೆ ಹೊರಗೆ ಬರಬೇಕು, ಗಾಳಿ ಕೆಟ್ಟಿದೆ ಅಂತ ಅರ್ಥ. ಕಲ್ಲು ಗೋಣಿಯಲ್ಲಿ ಹೊತ್ತು ತಂದು, ಒಡೆದು, ಒರಳಲ್ಲಿ ಹಿಟ್ಟು ಮಾಡುವುದು. ಆಮೇಲೆ ತೊರೆಯಲ್ಲಿ ಮರವಿ ಹಿಡಿದು ತೊಳೆಯುವುದು. ಮರವಿ ಅಂದರೆ ನಮ್ಮ ಮರಿಗೆನೇ, ಆದರೆ ಆಳ ಕಮ್ಮಿ. ಕುಲುಕಿ ಕುಲುಕಿ ಬಿಳಿ ಹಿಟ್ಟೆಲ್ಲ ಹೋಗಿ ಕೊನೆಗೆ ಕಪ್ಪು ಮರಳಿನ ಒಂದು ಗೆರೆ ಉಳಿಯುತ್ತದೆ. ಅದರ ತುದಿಯಲ್ಲಿ ಸಾಸಿವೆ ಒಡೆದಷ್ಟು ಹಳದಿ. ಮೊದಲ ಸಲ ಕಂಡಾಗ ನಾವು ನಾಲ್ವರೂ ಸುಮ್ನೆ ನೋಡುತ್ತಾ ಕೂತಿದ್ದೆವು. ಆ ಹೊತ್ತಿನ ಖುಷಿ ಸುಳ್ಳಲ್ಲ, ಅದನ್ನು ನಿಮ್ಮ ಹುಡುಗನಿಗೆ ಸುಳ್ಳು ಅಂತ ಹೇಳಬೇಡಿ, ನಂಬುವುದಿಲ್ಲ.

ಅದಕ್ಕೆ ಪಾದರಸ ಹಾಕಿ ತಿಕ್ಕಿ, ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಕಾಯಿಸಬೇಕು. ನಾವು ಕಾಯಿಸಿದ್ದು ನಮ್ಮಮ್ಮನ ಒಗ್ಗರಣೆ ಸೌಟಿನಲ್ಲಿ. ಆ ಸೌಟನ್ನು ಅಮ್ಮ ಮತ್ತೆ ಮನೆಯೊಳಗೆ ಸೇರಿಸಲಿಲ್ಲ, ನಮಗಿಂತ ಆಕೆಗೇ ಜಾಸ್ತಿ ಬುದ್ಧಿ. ಪಾದರಸದ ಹೊಗೆ ನೇರ ನರಕ್ಕೆ ಹೋಗುತ್ತದೆ. ನಮ್ಮಲ್ಲಿ ಕಾಯಿಸುತ್ತಿದ್ದವನಿಗೆ ಮುಂದೆ ಕೈ ನಡುಗಲು ಶುರುವಾಯಿತು. ಅದರಿಂದಲೇ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಆದರೆ ಅವನು ಈಗಲೂ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾನೆ.

ನೀವು ಗಣಿತದವರು, ಲೆಕ್ಕ ಕೊಡುತ್ತೇನೆ. ಹನ್ನೊಂದು ದಿನ, ನಾಲ್ಕು ಜನ, ಮೂರು ಗ್ರಾಂ. ಆಗ ಪೇಟೆಯಲ್ಲಿ ಗ್ರಾಮಿಗೆ 300 ರೂಪಾಯಿ ಆಸುಪಾಸು. ಕೊಳ್ಳುವವನು "ಕಸ ಇದೆ" ಅಂತ 220 ಕೊಟ್ಟ. ಅವನ ತಕ್ಕಡಿ, ಅವನದೇ ಗುಲಗಂಜಿ, ನಾವು ಯಾರಿಗೆ ದೂರು ಕೊಡುವುದು? ಬಂದದ್ದು 660. ಅದರಲ್ಲಿ ಪಾದರಸ, ಸೀಮೆಎಣ್ಣೆ, ಅಕ್ಕಿಗೆ 160 ಹೋಯಿತು. ತಲೆಗೆ 125 ರೂಪಾಯಿ. ಅದೇ ಹನ್ನೊಂದು ದಿನ ತೋಟದಲ್ಲಿ ಎಲೆ ಕಿತ್ತಿದ್ದರೂ ಇದಕ್ಕಿಂತ ಜಾಸ್ತಿ ಬರುತ್ತಿತ್ತು. ಆದರೂ ನಾವು ಇನ್ನೂ ಒಂದು ಮಳೆಗಾಲ ಹೋದೆವು. ಯಾಕೆ ಅಂತ ಕೇಳಬೇಡಿ. ಪಕ್ಕದ ಗುಂಡಿಯವನಿಗೆ ಒಂದೇ ದಿನ ಎಂಟು ಗ್ರಾಂ ಸಿಕ್ಕಿತ್ತಂತೆ.

ಕುಪ್ಪಂ ಗಡಿನಾಡಿಗ:

ಹಳಬರೇ, ಸೌಟಿನ ವಿಷಯ ಓದಿ ನಕ್ಕೆ, ಆಮೇಲೆ ನಗು ನಿಂತಿತು.

ನಾನು ಆಂಧ್ರದ ಕುಪ್ಪಂನವನು. ಇಲ್ಲಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ರೈಲಲ್ಲಿ ತಮಿಳು. ಕೆಜಿಎಫ್ ನಮ್ಮ ಪಕ್ಕದಲ್ಲೇ. ಅದರ ಶುರುವೂ ಸುಮಾರು ಇದೇ ಕಾಲ. ಲ್ಯಾವೆಲ್ ಅಂತ ಒಬ್ಬ ಐರಿಷ್ ಸಿಪಾಯಿ, ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬೆಂಗಳೂರಿಗೆ ಬಂದು ನೆಲೆಸಿದವರು. 1802ರಲ್ಲಿ ಜಾನ್ ವಾರೆನ್ ಅನ್ನುವ ಬ್ರಿಟಿಷ್ ಅಧಿಕಾರಿ ಈ ಭಾಗದ ಚಿನ್ನದ ಬಗ್ಗೆ ಮಾಡಿದ್ದ ವರದಿ ಓದಿ, ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರಕ್ಕೆ ಹೋದರು. 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಸಿಕ್ಕಿತು. ಅಗೆಯಲು ದುಡ್ಡು ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಅವರಿಗೂ ಮೊದಲ ಕೆಲವು ವರ್ಷ ಏನೂ ಗಿಟ್ಟಲಿಲ್ಲ. ಷೇರುದಾರರು ಮುಚ್ಚೋಣ ಅನ್ನುತ್ತಿದ್ದಾಗ ಇನ್ನಷ್ಟು ಆಳಕ್ಕೆ ಹೋಗಿ ಚಾಂಪಿಯನ್ ರೀಫ್ ಅನ್ನುವ ಚಿನ್ನದ ಪದರ ಹಿಡಿದರು. ಅದು ಮೂರು ಕಿಲೋಮೀಟರಿಗೂ ಆಳ ಹೋಯಿತು. ದೇವಾಲಕ್ಕೂ ಕೋಲಾರಕ್ಕೂ ವ್ಯತ್ಯಾಸ ಅದೊಂದೇ, ಇಲ್ಲಿ ಕೆಳಗಡೆ ನಿಜವಾಗಿ ಇತ್ತು.

ನಮ್ಮಪ್ಪ ಕೆಲಸ ಮಾಡಿದ್ದು ನಮ್ಮ ಚಿತ್ತೂರು ಜಿಲ್ಲೆಯದೇ ಚಿಗರಗುಂಟ ಗಣಿಯಲ್ಲಿ. ಹನ್ನೆರಡು ವರ್ಷ ಭೂಮಿಯೊಳಗೆ. ಅಪ್ಪ ಕಣ್ಣಾರೆ ಚಿನ್ನ ನೋಡಿದ್ದು ಅಮ್ಮನ ತಾಳಿಯಲ್ಲಿ ಮಾತ್ರ. ಅವರು ಒಡೆದ ಕಲ್ಲು ಬೂದು ಬಣ್ಣ, ನೋಡಿದರೆ ರಸ್ತೆಗೆ ಹಾಕುವ ಜಲ್ಲಿ ಅನ್ನಬೇಕು. 2001ರಲ್ಲಿ ಕೆಜಿಎಫ್ ಜೊತೆಗೆ ಅದೂ ಮುಚ್ಚಿತು. ನಮ್ಮೂರಿನಿಂದ ಈಗ ಎಷ್ಟೋ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಮೇಷ್ಟ್ರೇ, ಹುಡುಗ ಕಲ್ಲಲ್ಲಿ ಮಿನುಗು ಕಾಣುತ್ತಿದೆ ಅಂದರೆ ನನಗೆ ಅಲ್ಲೇ ಅನುಮಾನ. ಅಷ್ಟು ಹೊಳೆಯುವ ಚಿನ್ನ ಅಪರೂಪ.

ತಾಳವಾಡಿ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ನಿನ್ನೆ ಮತ್ತೆ ಗೂಡಲೂರಿಗೆ ಹೋಗಿದ್ದೆ. ಅಕ್ಕನ ಮನೆಯ ಜಗಲಿಯಲ್ಲೇ ಪರೀಕ್ಷೆ ಆಯಿತು. ನೆರಳಲ್ಲಿ ಮಂಕು. ಸೂಜಿಗೆ ಜಗ್ಗಲಿಲ್ಲ. ಸುತ್ತಿಗೆ ಮುಟ್ಟಿಸಿದ್ದೇ ತಡ, ಪುಡಿಪುಡಿ. ಹಳಬರು ಹೇಳಿದ ಬೆಂಕಿಕಡ್ಡಿ ವಾಸನೆಯೂ ಬಂತು. ಅಕ್ಕ ದೇವರ ಮನೆಗೆ ಹೋಗಿ ದೀಪ ಹಚ್ಚಿದಳು.

660 ರೂಪಾಯಿಯ ಲೆಕ್ಕವನ್ನೂ ಓದಿ ಹೇಳಿದೆ. ಹುಡುಗ ಪೂರ್ತಿ ಕೇಳಿದ. ಆಮೇಲೆ ಮೊಬೈಲಿನಲ್ಲಿ ಇವತ್ತಿನ ಚಿನ್ನದ ರೇಟು ತೆಗೆದು ಮೂರು ಗ್ರಾಮಿಗೆ ಎಷ್ಟಾಗುತ್ತದೆ ಅಂತ ನನಗೇ ತೋರಿಸಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಇದು ಬೇರೆ ಕಲ್ಲು ಮಾವ, ಒಳ್ಳೇದು ಫ್ರೆಂಡ್ ಹತ್ರ ಇದೆ" ಅಂತ ಎದ್ದು ಹೋದ. ಮೊಬೈಲ್ ಅಂಗಡಿ ಕೆಲಸ ಮಾತ್ರ ಇನ್ನೂ ಬಿಟ್ಟಿಲ್ಲ.

ಗೂಡಲೂರು ಹಳಬ:

ರೇಟು ಏರಿದೆ, ಕಲ್ಲಿನೊಳಗಿನ ಚಿನ್ನ ಏರಿಲ್ಲವಲ್ಲ. ಇರಲಿ, ಬಾಯಲ್ಲಿ ಹೇಳಿದರೆ ನಾನೂ ಆ ವಯಸ್ಸಿನಲ್ಲಿ ಕೇಳಿರಲಿಲ್ಲ. ಭಾನುವಾರ ಅವನನ್ನು ನಮ್ಮ ಮನೆಗೆ ಕಳಿಸಿ, ಆ "ಒಳ್ಳೇ ಕಲ್ಲನ್ನೂ" ತರಲಿ. ಒರಳು ಹಿತ್ತಲಲ್ಲಿದೆ, ಮರವಿ ಅಟ್ಟದ ಮೇಲಿದೆ. ಬೆಳಗ್ಗೆ ಏಳಕ್ಕೆ ಶುರು ಮಾಡಿ ಕತ್ತಲಾಗುವವರೆಗೆ ಅವನೇ ಕುಟ್ಟಲಿ, ಅವನೇ ತೊಳೆಯಲಿ. ಪಾದರಸ ಕೊಡುವುದಿಲ್ಲ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ವಿಳಾಸ ನಿಮಗೆ ಬೇರೆ ಕಳಿಸಿದ್ದೇನೆ.