ಲೆಗೋ ಗೊಂಬೆಯ ಕೂದಲಿಗೆ ಎಲ್ಫ್ ಕಿವಿ ಕೂರಿಸೋದು ಹೇಗೆ? (ಮಳೆಗಾಲ ಬೇರೆ)

ತೀರ್ಥಹಳ್ಳಿ ಮಾವ:
ಎಲ್ಲರಿಗೂ ನಮಸ್ಕಾರ. ತಂಗಿ ಮಗಳಿಗೆ ಒಂಬತ್ತು ವರ್ಷ. ಅವಳ ಲೆಗೋ ಡಬ್ಬಿಯಲ್ಲಿರೋ ಒಂದು ಹುಡುಗಿ ಗೊಂಬೆಗೆ ಚೂಪು ಕಿವಿ ಇಟ್ಟು ಕಾಡಿನ ಎಲ್ಫ್ (ಇಂಗ್ಲಿಷ್ ಕಥೆಗಳಲ್ಲಿ ಬರೋ ಚೂಪು ಕಿವಿಯ ಕಿನ್ನರಿ) ಮಾಡಿಕೊಡಬೇಕಂತೆ. ಸೋದರಮಾವ ಆದ ತಪ್ಪಿಗೆ ಒಪ್ಪಿಕೊಂಡೆ.

ಹಳದಿ ಡಬ್ಬಿ ಮುಚ್ಚಳ ಕತ್ತರಿಸಿ ಎರಡು ಕಿವಿ ಮಾಡಿದೆ, ಸೂಪರ್ ಗ್ಲೂ ಹಾಕಿ ತಲೆಗೇ ಅಂಟಿಸಿದೆ. ಆಮೇಲೆ ಟೋಪಿ ಹಾಗೆ ತೆಗೆದು ಹಾಕೋ ಪ್ಲಾಸ್ಟಿಕ್ ಕೂದಲು ಕೂರೋದೇ ಇಲ್ಲ, ಕಿವಿ ಅಡ್ಡ. ಕಿತ್ತು ಕೂದಲಿಗೆ ಅಂಟಿಸಿದೆ. ಬೆಳಿಗ್ಗೆ ನೋಡಿದ್ರೆ ಕಂದು ಕೂದಲ ತುಂಬಾ ಬೂದಿ ಬಳಿದ ಹಾಗೆ ಬಿಳಿ ಬಿಳಿ. ಎಲ್ಫ್ ರಾತ್ರಿ ಬೆಳಗಾಗೋದ್ರೊಳಗೆ ಅಜ್ಜಿಯಾಗಿದ್ದಾಳೆ! ಒಂದು ಕಿವಿ ಮಧ್ಯಾಹ್ನ ಅವಲಕ್ಕಿ ತಟ್ಟೆಯಲ್ಲಿ ಸಿಕ್ತು. ಇಡೀ ಗೊಂಬೆಯೇ ನಾಲ್ಕು ಸೆಂಟಿಮೀಟರ್, ನನ್ನ ಬೆರಳೋ ಅಡಿಕೆ ಸುಲಿಯೋ ಬೆರಳು. ಏನು ಮಾಡ್ಲಿ?

ಸಾಗರದ ಉಳಿ:
ಮಾವಾರೇ, ಆ ಬಿಳಿ ಬೂದಿ ಗಾಳಿಯ ತೇವದ ಕೆಲಸ. ಸೂಪರ್ ಗ್ಲೂ ಆವಿ ತೇವಕ್ಕೆ ಸೇರಿ ಬಿಳಿ ಪುಡಿಯಾಗಿ ಅಲ್ಲೇ ಕೂರುತ್ತೆ. ನಮ್ಮ ಕಡೆ ಆಷಾಢದಲ್ಲಿ ಅದಕ್ಕೆ ಹಬ್ಬ. ತೆಗೀಬೇಕು ಅಂತ ನೇಲ್ ಪಾಲಿಶ್ ರಿಮೂವರ್ ಮಾತ್ರ ಹಚ್ಚಬೇಡಿ, ಅಸಿಟೋನ್ ಇದ್ರೆ ಗೊಂಬೆ ಪ್ಲಾಸ್ಟಿಕ್ಕೇ ಕರಗುತ್ತೆ.

ಮೊದಲು ಕೂದಲನ್ನ ಉಗುರಲ್ಲಿ ಒತ್ತಿ ನೋಡಿ. ತಗ್ಗಿದ್ರೆ ರಬ್ಬರ್ ಜಾತಿ, ಬಿಟ್ಟುಬಿಡಿ. ಅದು ಬಗ್ಗಿದಾಗೆಲ್ಲ ಅಂಟೂ ಬಣ್ಣವೂ ಎದ್ದು ಬರುತ್ತೆ. ಕಲ್ಲಿನ ಹಾಗಿದ್ರೆ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್, ಕೆಲಸ ಆಗುತ್ತೆ.

ನಾನು ಮಾಡೋದು ಹೀಗೆ. ಹಳೇ ಲ್ಯಾಂಡ್‌ಲೈನ್ ಫೋನ್ ವೈರ್ ಮನೆ ಮಾಡಿಗೆ ಜೋತುಬಿದ್ದಿರುತ್ತಲ್ಲ, ಅದರೊಳಗಿನ ತಾಮ್ರದ ಎಳೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಕೂದಲಲ್ಲಿ ಕಿವಿ ಬರೋ ಜಾಗಕ್ಕೆ ಕೈಯಲ್ಲಿ ತಿರುಗಿಸೋ ಸಣ್ಣ ಡ್ರಿಲ್‌ನಿಂದ ಅಷ್ಟೇ ತೂತು, ತಂತಿ ಚುಚ್ಚಿ ಎರಡು ಮಿಲಿಮೀಟರ್ ಹೊರಗೆ ಬಿಡಿ. ಒಳಗಡೆ ಒಂದು ಕೂದಲೆಳೆಯಷ್ಟೂ ಚಾಚಬಾರದು, ತಲೆ ಕೂರಲ್ಲ. ಎಂ-ಸೀಲ್ (ಎರಡು ಮುದ್ದೆ ಕಲಸಿದ್ರೆ ಗಟ್ಟಿಯಾಗೋ ಅಂಟು) ಎರಡು ಬಣ್ಣ ಒಂದಾಗೋವರೆಗೆ ನಾದಿ, ಎಳ್ಳಿನಷ್ಟು ತಗೊಂಡು ತಂತಿ ಮೇಲೆ ಕೂರಿಸಿ. ತುದಿ ಎಳೆಯೋಕೆ ಒದ್ದೆ ಮಾಡಿದ ಹೊಲಿಗೆ ಸೂಜಿ ಸಾಕು. ನಮ್ಮಜ್ಜ ಗುಡಿಗಾರರು. ಗಂಧದ ತುಂಡಲ್ಲಿ ಕಿವಿ ಬಿಡಿಸುವಾಗ ಒಂದನ್ನ ಮುಗಿಸಿ ಇನ್ನೊಂದಕ್ಕೆ ಹೋಗ್ತಿರಲಿಲ್ಲ, ಎರಡನ್ನೂ ಒಟ್ಟೊಟ್ಟಿಗೆ ತರ್ತಿದ್ರು. ಇಲ್ಲಾಂದ್ರೆ ಒಂದು ಆನೆ ಕಿವಿ, ಒಂದು ಇಲಿ ಕಿವಿ.

ರಾತ್ರಿಯಿಡೀ ಒಣಗಲಿ. ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಉಪ್ಪುಕಾಗದ) ಒದ್ದೆ ಮಾಡಿಯೇ ಉಜ್ಜಿ, ಆ ಧೂಳು ಮೂಗಿಗೆ ಹೋಗಬಾರದು.

ಗಾಂಧಿಬಜಾರ್ ಗಿರಾಕಿ:
ಇಷ್ಟೆಲ್ಲ ಯಾಕ್ರೀ? ಕಂಪನಿಯವರೇ 2011ರಲ್ಲಿ, ಬಿಡಿ ಗೊಂಬೆಗಳ ಮೂರನೇ ಸರಣಿಯಲ್ಲಿ ಎಲ್ಫ್ ಬಿಟ್ಟಿದ್ರು. ಅದರಲ್ಲೂ ಕಿವಿ ಕೂದಲಿಗೇ ಸೇರಿದ್ದು, ತಲೆಗಲ್ಲ. ಹಳೇದು ಮಾರೋರ ಹತ್ರ ಹುಡುಕಿ ತರಿಸಿ.

ತೀರ್ಥಹಳ್ಳಿ ಮಾವ:
ತರಿಸಬಹುದಿತ್ತು. ಆದ್ರೆ "ಮಾವ ಮಾಡಿದ್ದೇ ಬೇಕು" ಅಂತ ಹಟ. ಉಳಿಯವರೇ, ಕೂದಲು ಕಲ್ಲು ಜಾತಿಯೇ, ತಂತಿಯೂ ಕೂತಿದೆ. ಆದ್ರೆ ಹಳದಿ ಅಕ್ರಿಲಿಕ್ ಮೂರು ಸಲ ಬಳಿದರೂ ಕಿವಿ ಪಾಚಿ ಬಣ್ಣಕ್ಕೇ ಇದೆಯಲ್ಲ?

ಸಾಗರದ ಉಳಿ:
ಕೆಳಗಿನ ಎಂ-ಸೀಲ್‌ನ ಬೂದು ಬಣ್ಣ ಹೊರಗೆ ಕಾಣ್ತಿದೆ. ಹಳದಿಗೆ ಮುಚ್ಚೋ ಶಕ್ತಿ ಕಮ್ಮಿ. ಉಜ್ಜಿ ತೆಗೆದು ಮೊದಲು ಬಿಳಿ ಒಂದು ಕೋಟು, ಅದು ಒಣಗಿದ ಮೇಲೆ ಹಳದಿ ತೆಳ್ಳಗೆ ಎರಡು ಸಲ. ಮನೇಲಿ ಇನ್ನೂ ಸಣ್ಣ ಮಕ್ಕಳಿದ್ರೆ ಮಾತ್ರ ಕೈಗೆ ಕೊಡಬೇಡಿ, ಮೊದಲು ಬಾಯಿಗೇ ಹೋಗೋದು.

ತೀರ್ಥಹಳ್ಳಿ ಮಾವ:
ಆಯ್ತು ಮಾರಾಯ್ರೇ! ಎಡಗಿವಿ ಒಂದು ಚೂರು ಕೆಳಗಿದೆ, ಯಾರೋ ಕಿವಿ ಹಿಂಡಿದ ಹಾಗೆ. ಅವಳು ಅದನ್ನ ನೋಡ್ಲೇ ಇಲ್ಲ. ತಿರುಗಿಸಿ ಮುರುಗಿಸಿ, "ಮಾವಾ, ಓಲೆ ಎಲ್ಲಿ?" ಅಂದಳು.

ಫೋನ್ ವೈರ್ ಇನ್ನೂ ಒಂದು ಮಾರು ಉಳಿದಿದೆ.